ಜಯಕುಮಾರನ ಲಿನಕ್ಸು, ಬೋರಮ್ಮನ ರಾಹುಕಾಲ

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಸಿಟ್ಟು ಮಾಡಿಕೊಳ್ಳುವುದರಲ್ಲಿ ಮಾತ್ರ ಜಯಕುಮಾರನಿಗೆ ಸರಿಸಾಟಿ ಇಲ್ಲ. ಬಸ್ಸು ನಿಲ್ಲಿಸದೆ ಹೋದರೆ ಸಿಟ್ಟು. ನಿಲ್ಲಿಸಿ, ಹತ್ತಿಸಿಕೊಂಡು, ಚಿಲ್ಲರೆ ಕೇಳಿದರೆ ಇನ್ನೂ ಸಿಟ್ಟು. ಆದರೆ ಈ ಸಲ ಅವನು ಸಿಟ್ಟಾಗದೆ ಇದ್ದಿದ್ದರೆ ಬಜಾರಿನವರೇ ಅವನ ಮೇಲೆ ಸಿಟ್ಟಾಗಬೇಕಿತ್ತು.

ಮನೆಯ ಹಿಂದೆ ಅವನ ಕಾರ್ಖಾನೆ. ಆಲೆಮರದ ತುಂಡುಗಳನ್ನು ಕಡೆದು, ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟ ಗಿಲಕಿ, ಬುಗುರಿಗಳು ಹೊರದೇಶದ ಅಂಗಡಿಯೊಂದಕ್ಕೆ ಹೋಗುತ್ತವೆ. ಅವರು ಕೊಡುವುದು ಡಾಲರು, ಅದೂ ಸರಕು ಮುಟ್ಟಿ ತಿಂಗಳುಗಳಾದ ಮೇಲೆ. ಅಷ್ಟರಲ್ಲಿ ಡಾಲರಿನ ಬೆಲೆ ಇಳಿದರೆ ಲಾಭವೆಲ್ಲ ಕಡೆತದ ಹೊಟ್ಟಾಗಿ ಹಾರಿಹೋಗುತ್ತದೆ. ಅದಕ್ಕೇ ಜಯಕುಮಾರ ಬರಲಿರುವ ಡಾಲರನ್ನು ಇವತ್ತಿನ ಬೆಲೆಗೇ ವಿನಿಮಯ ಪೇಟೆಯಲ್ಲಿ ಮುಂಗಡ ಮಾರಿಬಿಡುತ್ತಾನೆ. ಇದು ಜೂಜಲ್ಲ. ಜೂಜಾಡುವವರಿಗೆ ಇಷ್ಟು ಬಿಪಿ ಇರುವುದಿಲ್ಲ.

ಮಾರಲು ದಲ್ಲಾಳಿ ಕಂಪನಿ ಒಂದು ಸಾಫ್ಟ್‌ವೇರ್ ಕೊಟ್ಟಿತ್ತು. ಅದು ವಿಂಡೋಸ್ ಕಂಪ್ಯೂಟರಿಗೆಂದೇ ಮಾಡಿದ್ದು. ಜಯಕುಮಾರನ ಹಳೇ ಕಂಪ್ಯೂಟರೋ, ವಿಂಡೋಸ್ ಹಾಕಿದರೆ ಹೆರಿಗೆ ನೋವು ಬಂದವಳಂತೆ ನರಳುತ್ತಿತ್ತು. ಪೇಟೆಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಆಫ್ತಾಬ್, ವಿಂಡೋಸಿನ ಬದಲು ದುಡ್ಡಿಲ್ಲದೆ ಸಿಗುವ ಲಿನಕ್ಸ್ ಹಾಕಿಕೊಟ್ಟ. ಅದರ ಮೇಲೆ ವೈನ್ ಎಂಬ ಇನ್ನೊಂದು ಪ್ರೋಗ್ರಾಂ ಕೂರಿಸಿದ. ವಿಂಡೋಸಿನ ಸಾಫ್ಟ್‌ವೇರ್ ಆಡುವ ಮಾತನ್ನು ಲಿನಕ್ಸಿಗೆ ತಿಳಿಯುವಂತೆ ಹೇಳುವ ದುಭಾಷಿ ಅದು. ಎರಡು ವರ್ಷ ಒಂದು ಸೊಲ್ಲಿಲ್ಲದೆ ನಡೆಯಿತು.

ಹೋದ ಶುಕ್ರವಾರ ಮಧ್ಯಾಹ್ನ ನೋಡಿದರೆ, ಒಂದು ಸಲ ಮಾರಿದ ಡಾಲರು ಎರಡು ಸಲ ಮಾರಾಟವಾಗಿತ್ತು. ಬರಲಿರುವುದು ಒಂದು ಗಂಟು, ಮಾರಿದ್ದು ಎರಡು ಗಂಟು. ಹೆಚ್ಚುವರಿ ಗಂಟನ್ನು ಮತ್ತೆ ಕೊಂಡು ಬಿಡಿಸಿಕೊಳ್ಳುವಷ್ಟರಲ್ಲಿ ಬೆಲೆ ಏರಿ ಕೈ ಕಚ್ಚಿತು.

ಸಹಾಯವಾಣಿಗೆ ಫೋನ್ ಮಾಡಿದ. ಕನ್ನಡಕ್ಕೆ ನಾಲ್ಕು ಒತ್ತಿ ಎಂದಿತು, ಒತ್ತಿದ, ಹಿಂದಿ ಬಂತು. ಜಯಕುಮಾರ ಕನ್ನಡದಲ್ಲೇ ಬೈದ. ಅದು ಮಾತ್ರ ಅವರಿಗೆ ಚೆನ್ನಾಗಿ ಅರ್ಥವಾಯಿತು. ಸಂಜೆಗೆ ಇಮೇಲ್ ಬಂತು: ನೀವು ಲಿನಕ್ಸ್ ಬಳಸುತ್ತಿರುವುದು ಗಮನಕ್ಕೆ ಬಂದಿದೆ, ಅದಕ್ಕೆ ನಮ್ಮ ಮಾನ್ಯತೆ ಇಲ್ಲ, ತಪ್ಪು ನಿಮ್ಮದೇ ಎಂದು ಸೋಮವಾರದೊಳಗೆ ಒಪ್ಪಿ ಬರೆಯಿರಿ, ಇಲ್ಲವಾದರೆ ಖಾತೆ ಮುಚ್ಚಲಾಗುವುದು.

"ಕಳ್ತನ ಆದೋನ ಮನೆಗ್ ಬಂದು, ನಿಮ್ಮನೆ ಬಾಗ್ಲು ನಮಗ್ ಹಿಡಿಸ್ನಿಲ್ಲ ಅಂತಾರಲ್ಲೋ ಆಫ್ತಾಬ್!" ಎಂದು ಮಾರನೆಯ ದಿನ ಜಯಕುಮಾರ ರಿಪೇರಿ ಅಂಗಡಿಯ ಕೌಂಟರ್ ಗುದ್ದಿದ.

"ಕೌಂಟ್ರು ನಂದು ಕಣಣ್ಣ, ಕಂಪ್ನೀದಲ್ಲ. ಒಸಿ ನಿಧಾನ. ಎರಡ್ನೇ ಸಲ ಮಾರಾಟ ಆಗಿದ್ದು ಎಷ್ಟೊತ್ಗೆ?"

"ಶುಕ್ರವಾರ ಹನ್ನೆರಡು ಗಂಟೆಗೆ. ಸರಿಯಾಗಿ ಹನ್ನೆರಡು."

ಆಫ್ತಾಬ್ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಜಯಣ್ಣ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡರ ಗಂಟ ಏನು?"

ಜಯಕುಮಾರ ಬೆರಳು ಮಡಿಚಿ ಲೆಕ್ಕ ಹಾಕಿದ. ರಾಹುಕಾಲ.

ಅದು ಅವನ ತಾಯಿ ಬೋರಮ್ಮನ ಕಟ್ಟಳೆ. ಆಲೆಮರ ಕೊಳ್ಳುವುದಿರಲಿ, ಗೊಂಬೆ ಕಳಿಸುವುದಿರಲಿ, ಆ ಮನೆಯಲ್ಲಿ ರಾಹುಕಾಲದಲ್ಲಿ ಕೊಡುಕೊಳ್ಳುವ ವ್ಯವಹಾರ ನಡೆದದ್ದಿಲ್ಲ. ಡಾಲರೇನು ಮೇಲಿಂದ ಇಳಿದದ್ದೇ? ಮಗ ಕಡೆತದ ಗದ್ದಲದಲ್ಲಿ ಹೊತ್ತು ಮರೆಯುತ್ತಾನೆಂದು ಆಕೆಯೇ ಆಫ್ತಾಬನನ್ನು ಕರೆಸಿ, ಕಾಫಿ ಕೊಟ್ಟು, ಕ್ಯಾಲೆಂಡರ್ ತೋರಿಸಿದ್ದಳು. ಆಫ್ತಾಬ್ ಲಿನಕ್ಸಿಗೆ ವಾರದ ರಾಹುಕಾಲವನ್ನೆಲ್ಲ ಬಾಯಿಪಾಠ ಮಾಡಿಸಿದ್ದ. ಹೊತ್ತಿಗೆ ಸರಿಯಾಗಿ ಅದು ಸಾಫ್ಟ್‌ವೇರನ್ನು ಮುಚ್ಚುತ್ತಿತ್ತು, ರಾಹು ಹೋದ ಮೇಲೆ ತೆರೆಯುತ್ತಿತ್ತು.

"ಮುಚ್ಚದು ಅಂದ್ರೆ ನಯವಾಗಿ ಅಲ್ಲ ಕಣಣ್ಣ, ಕತ್ತು ಹಿಸುಕ್ದಂಗೆ. ಇಷ್ಟು ದಿನ ಆ ಹೊತ್ನಲ್ಲಿ ನಿನ್ನ ಆರ್ಡ್ರು ಯಾವ್ದೂ ಬಾಕಿ ಇರ್ತಿರ್ನಿಲ್ಲ. ಶುಕ್ರವಾರ ಇತ್ತು, ಬೆಲೆ ಒಸಿ ಏರ್ಲಿ ಅಂತ ಕಾಯ್ತಾ. ಸಾಫ್ಟ್‌ವೇರ್ ಮುಚ್ಚಿದ್ದಾಗ್ಲೇ ಪೇಟೆಲಿ ಅದು ಮಾರಾಟ ಆಗೋಯ್ತು. ಹನ್ನೆರಡಕ್ಕೆ ಎದ್ದ ಸಾಫ್ಟ್‌ವೇರು, ಇದಿನ್ನೂ ಹೋಗೇ ಇಲ್ಲ ಅನ್ಕೊಂಡು ಇನ್ನೊಂದ್ ದಪ ಕಳಿಸ್ಬುಡ್ತು."

ಜಯಕುಮಾರ ಸ್ಟೂಲಿನ ಮೇಲೆ ಕುಳಿತ. ಜೀವನದಲ್ಲಿ ಮೊದಲ ಸಲ ಅವನ ಸಿಟ್ಟಿಗೆ ನಿಲ್ಲಲು ಜಾಗವಿರಲಿಲ್ಲ. ತಪ್ಪು ತನ್ನ ಮನೆಯದೇ ಆದರೆ ಬರೆದುಕೊಟ್ಟು ಸುಮ್ಮನಿರಬೇಕಷ್ಟೆ. ಅಷ್ಟರಲ್ಲಿ ಪೇಟೆಬೀದಿಯ ಕರೆಂಟ್ ಹೋಯಿತು. ಅಂಗಡಿಯ ಫ್ಯಾನ್ ನಿಂತಿತು. ಜಯಕುಮಾರ ಫ್ಯಾನನ್ನೇ ನೋಡಿದ. ಸಿಟ್ಟು ಮತ್ತೆ ಮನೆಗೆ ಬಂತು.

"ಏನ್ಲಾ ಆಫ್ತಾಬ್, ಕರೆಂಟೇನು ಹೇಳಿ ಕೇಳಿ ಹೋಯ್ತದಾ? ಯುಪಿಎಸ್ ಇಲ್ದೋನ ಮನೇಲಿ ಹಿಂಗ್ ಕರೆಂಟ್ ಹೋದ್ರೂ ಕತ್ತು ಹಿಸುಕ್ದಂಗೇ ತಾನೆ? ಹಂಗಾರೆ ಅವರ ವಿಂಡೋಸ್‌ನಲ್ಲೂ ಎರಡ್ ದಪ ಮಾರಾಟ ಆಗ್ಬೇಕಲ್ಲ!"

"ಆಗ್ಬೇಕು," ಎಂದ ಆಫ್ತಾಬ್. "ಆಯ್ತದೆ ಅಂತ ಬಾಯ್ಮಾತಲ್ಲಿ ಹೇಳುದ್ರೆ ಕೇಳಲ್ಲ ಅವ್ರು."

ಸೋಮವಾರ ಬೆಳಿಗ್ಗೆ, ರಾಹುಕಾಲ ಕಳೆದು, ಜಯಕುಮಾರ ರಾಮನಗರಕ್ಕೆ ಹೋದ. ಅಲ್ಲಿ ಕಂಪನಿಯ ಶಾಖೆ; ಅದನ್ನು ನೋಡಿಕೊಳ್ಳುವವನು ಮನೋಹರ್. ಎಸಿಯ ತಣ್ಣಗಿನ ಗಾಳಿಯಲ್ಲಿ ಕೂತು ಬಿಸಿ ಬಿಸಿ ಬುದ್ಧಿ ಹೇಳುವ ಕೆಲಸ ಅವನದು.

"ಸಾರ್, ಲಿನಕ್ಸು ಅಂದ್ರೆ ಹ್ಯಾಕರ್‌ಗಳು ಇಟ್ಕೊಳ್ಳೋದು. ನಿಮ್ಮಂಥ ಮರ್ಯಾದಸ್ಥರಿಗೆ ಯಾಕ್ ಸಾರ್? ಎರಡು ಲೈನ್ ಬರೆದ್ಬಿಡಿ, ಖಾತೆ ಉಳೀತದೆ."

"ಬರೀತೀನಿ ಮನೋಹರಣ್ಣ. ಅದಕ್ ಮುಂಚೆ ನಿನ್ನ ಈ ವಿಂಡೋಸ್‌ನಲ್ಲಿ, ಆ ಕಲಿಯೋರಿಗೆ ಅಂತ ಇಟ್ಟಿದ್ದೀರಲ್ಲ ಸುಳ್ ಸುಳ್ ಖಾತೆ, ಅದ್ರಲ್ಲಿ ಒಂದು ಮಾರಾಟ ಹಾಕು. ಈಗಿನ ಬೆಲೆಗಿಂತ ಒಂದ್ ಚೂರು ಮೇಲೆ."

ದುಡ್ಡಿಲ್ಲದ ಖಾತೆ, ಹೋಗುವುದೇನಿದೆ ಎಂದು ಮನೋಹರ್ ಹಾಕಿದ. ಆರ್ಡರ್ ಬಾಕಿ ಎಂದು ಪರದೆಯ ಮೇಲೆ ಕೂತಿತು. ಜಯಕುಮಾರ ಬಗ್ಗಿ ಮೇಜಿನ ಕೆಳಗಿನ ಪ್ಲಗ್ ಕಿತ್ತ.

"ಅಯ್ಯೋ, ಏನ್ ಸಾರ್ ಇದು ರೌಡಿಸಂ!"

"ಚನ್ನಪಟ್ಟಣದಲ್ಲಿ ಇದನ್ನ ಲೋಡ್‌ಶೆಡ್ಡಿಂಗ್ ಅಂತೀವಿ. ಕೂತ್ಕೊ, ಕಾಫಿ ತರ್ಸು."

ಕಾಫಿ ಕುಡಿಯುತ್ತ ಮನೋಹರನ ಫೋನಿನಲ್ಲೇ ಡಾಲರಿನ ಬೆಲೆ ನೋಡಿದರು. ಅದು ಮೆಲ್ಲಗೆ ಏರಿ, ಹಾಕಿದ ಬೆಲೆ ದಾಟಿತು. ಆಗ ಜಯಕುಮಾರ ಪ್ಲಗ್ ಸಿಕ್ಕಿಸಿದ. ವಿಂಡೋಸ್ ಎದ್ದು, ಮೈಮುರಿದು, ಅಪ್‌ಡೇಟ್ ಮಾಡಿಕೊಂಡು, ಕೊನೆಗೂ ಸಾಫ್ಟ್‌ವೇರ್ ತೆರೆಯಿತು. ಪರದೆಯಲ್ಲಿ ಒಂದರ ಕೆಳಗೊಂದು ಎರಡು ಮಾರಾಟ.

ಮನೋಹರ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಒರೆಸಿದರೆ ಹೋಗುವಂಥದ್ದಲ್ಲ ಅದು.

"ಇಲ್ಲಿ ಲಿನಕ್ಸ್ ಎಲ್ಲಯ್ಯ ಐತೆ?" ಎಂದು ಜಯಕುಮಾರ ಗುಡುಗಿದ. ಆಚೆ ಬಾಗಿಲಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳು ಒಳಗೆ ಬಂದು ನಿಂತರು. "ನಮ್ಮವ್ವ ರಾಹುಕಾಲ ಅಂತ ಮುಚ್ಚುಸ್ತಾಳೆ, ಹೌದು. ಅವಳ ನಂಬಿಕೆ ಅವಳ್ದು. ಮುಚ್ಚಿ ತೆಗೆದ್ರೆ ಎರಡ್ ದಪ ಮಾರೋ ಮಾಲು ಮಾಡ್ದೋರು ನೀವು! ನಮ್ಮ ಗಿಲಕಿ ಕೂಸಿನ ಕೈಲಿ ಜಾರಿ ಬಿದ್ದು ಒಡೆದ್ರೆ, ನೆಲಕ್ಕೆ ನಮ್ಮ ಮಾನ್ಯತೆ ಇಲ್ಲ ಅಂತ ನಾನು ಬರೀತೀನಾ?"

ಗಿರಾಕಿಗಳಲ್ಲೊಬ್ಬ ತಲೆಯಾಡಿಸಿದ. ಮನೋಹರ್ ಮೆಲ್ಲಗೆ ಎದ್ದು ಪರದೆಯ ಫೋಟೋ ತೆಗೆದು, ಜಯಕುಮಾರನ ಎದುರಿಗೇ ಮುಖ್ಯ ಕಚೇರಿಗೆ ಕಳಿಸಿದ. ತಪ್ಪೊಪ್ಪಿಗೆಯ ಮಾತನ್ನು ಅವನಾಗಿ ಮತ್ತೆ ಎತ್ತಲಿಲ್ಲ.

ಬುಧವಾರ ಮಧ್ಯಾಹ್ನ ಕಂಪನಿಯ ಇಮೇಲ್ ಬಂತು. ಖಾತೆ ಎಂದಿನಂತೆ ಮುಂದುವರಿಯುತ್ತದೆ. ಸಾಫ್ಟ್‌ವೇರಿನ ಹೊಸ ಆವೃತ್ತಿ ಬರಲಿದೆ. ಹೆಚ್ಚುವರಿ ಮಾರಾಟದಿಂದ ಆದ ನಷ್ಟವನ್ನು, ಯಾವ ತಪ್ಪನ್ನೂ ಒಪ್ಪಿಕೊಳ್ಳದೆ, ಗ್ರಾಹಕರ ಮೇಲಿನ ಔದಾರ್ಯದಿಂದ ಮರಳಿಸಲಾಗಿದೆ. ಲಿನಕ್ಸಿಗೆ ಮಾನ್ಯತೆ ಇಲ್ಲ ಎಂಬ ಸಾಲು ಕೊನೆಯಲ್ಲಿ ಹಾಗೇ ಇತ್ತು.

ಬೇರೆಯವರಾದರೆ ಗೆದ್ದೆ ಎಂದು ಸಿಹಿ ಹಂಚುತ್ತಿದ್ದರು. ಜಯಕುಮಾರ ಔದಾರ್ಯ ಎಂಬಲ್ಲಿಗೆ ಬಂದು ಕೆಂಡವಾದ.

"ನೋಡವ್ವ, ನನ್ ದುಡ್ಡು ನಂಗೇ ಕೊಟ್ಟು ಔದಾರ್ಯ ಅಂತಾವ್ರೆ! ಇವರ ಔದಾರ್ಯದ ಮನೆ ಹಾಳಾಗ! ಬರೀತೀನಿ ತಾಳು, ಜನ್ಮದಲ್ಲಿ ಮರೀಬಾರ್ದು ಹಂಗೆ ಬರೀತೀನಿ."

ಕೀಲಿಮಣೆ ಎಳೆದುಕೊಂಡು ಕುಳಿತ. ಒಳಗಿಂದ ಬೋರಮ್ಮ ಕೈ ಒರೆಸಿಕೊಳ್ಳುತ್ತ ಬಂದಳು.

"ಲೇ ಜಯ, ಬುಧವಾರ, ಹನ್ನೆರಡು ಹೊಡೆದೈತೆ. ಬೈಯದಾದ್ರೂ ಒಂದೂವರೆ ಆದ್ಮೇಲ್ ಬೈ. ಈಗ ಬೈದ್ರೆ ಹತ್ತಲ್ಲ."

ಜಯಕುಮಾರ ಕಂಪ್ಯೂಟರ್ ನೋಡಿದ. ಸಾಫ್ಟ್‌ವೇರ್ ಆಗಲೇ ಮುಚ್ಚಿಕೊಂಡಿತ್ತು. ಇಮೇಲ್ ಮಾತ್ರ ತೆರೆದಿತ್ತು. ಅದನ್ನೂ ಮುಚ್ಚಿ, ಉಣ್ಣಲು ಎದ್ದ. ಬೈಗುಳಗಳನ್ನು ಮರೆಯದ ಹಾಗೆ ಮನಸ್ಸಿನಲ್ಲೇ ಒಂದರ ಮೇಲೊಂದು ಜೋಡಿಸಿಕೊಳ್ಳುತ್ತ, ಒಂದೂವರೆ ಆಗುವುದನ್ನೇ ಕಾಯತೊಡಗಿದ.