ಬಿಲದ ಬಾಯಿಯ ಕಡ್ಡಿಗಳು

ಊರವರ ಬಾಯಲ್ಲಿ ನಮ್ಮಕ್ಕ ‘ತಕ್ಕಡಿ ಅಕ್ಕ’. ಹನ್ನೊಂದು ವರ್ಷದಿಂದ ನಡುಗಡ್ಡೆಯಲ್ಲಿ ಬಿಲ ತೋಡಿ ಮರಿಮಾಡುವ ಕಡಲಹಕ್ಕಿಗಳ ಮರಿಗಳನ್ನು ಬಟ್ಟೆಚೀಲದಲ್ಲಿ ಹಾಕಿ ತೂಗುವುದು ಅವಳ ಕೆಲಸ. ಸ್ವಂತ ಮಗಳ ತೂಕ ಕೇಳಿದರೆ ತಲೆ ಕೆರೆದುಕೊಳ್ಳುತ್ತಾಳೆ. ನಲವತ್ತನೇ ಬಿಲದ ಮರಿಯದ್ದನ್ನು ನಿದ್ದೆಗಣ್ಣಲ್ಲೂ ಹೇಳುತ್ತಾಳೆ. ಪಕ್ಕದಲ್ಲಿ ಗಡಿಯಾರ ಹಿಡಿದು ಕೂರುವುದು ನನ್ನ ಕೆಲಸ.

ಗಡಿಯಾರ ಯಾಕೆಂದರೆ, ದೊಡ್ಡ ಹಕ್ಕಿಯನ್ನು ಹಿಡಿದ ಮೂರು ನಿಮಿಷದೊಳಗೆ ರೆಕ್ಕೆಯ ನರದಿಂದ ರಕ್ತ ತೆಗೆಯಬೇಕು. ತಡವಾದರೆ ನಮ್ಮ ಕೈಗೆ ಸಿಕ್ಕ ಗಾಬರಿಯೇ ರಕ್ತಕ್ಕೆ ಇಳಿಯುತ್ತದೆ. ಕಡಲಲ್ಲಿ ಅದು ಪಟ್ಟ ಪಾಡೆಷ್ಟು, ನಾವು ಕೊಟ್ಟ ಕಾಟವೆಷ್ಟು ಎಂದು ತಿಳಿಯುವುದಿಲ್ಲ. ಇದನ್ನು ಕಲಿಸಿದವರು ಸಂಶೋಧನೆಯ ಮೇಡಂ. ಗಾಬರಿ ಮಿತಿಮೀರಿದರೆ ಹಕ್ಕಿ ಮರಿಯನ್ನು ಬಿಟ್ಟು ತನ್ನ ಜೀವ ನೋಡಿಕೊಳ್ಳುತ್ತದೆ ಎಂದೂ ಅವರೇ ಹೇಳಿದ್ದರು.

ಈ ವರ್ಷ ನೀರು ಬಿಸಿಯಾಗಿ ಮೀನು ಆಳಕ್ಕೆ ಹೋಗಿತ್ತು. ಮರಿಗಳು ದಿನದಿನಕ್ಕೂ ಸೊರಗುತ್ತಿದ್ದವು. ಇಂಥ ವರ್ಷ ಗಂಡು ಹೆಣ್ಣು ಎರಡೂ ಬರುತ್ತಿದ್ದರೆ ಮಾತ್ರ ಸೂಜಿ. ಒಂಟಿ ಹಕ್ಕಿಯನ್ನು ಮುಟ್ಟುವಂತಿಲ್ಲ. ಹಕ್ಕಿ ಬಂದದ್ದು ಗೊತ್ತಾಗಲು ಬಿಲದ ಬಾಯಿಗೆ ಸಣ್ಣ ಕಡ್ಡಿಗಳನ್ನು ನೆಡುತ್ತೇವೆ. ನಲವತ್ತರಲ್ಲಿ ಕಡ್ಡಿ ದಿನಕ್ಕೆ ಎರಡು ಸಲ ಬೀಳುತ್ತಿತ್ತು. ಎರಡೂ ಬರುತ್ತಿವೆ ಎಂದು ಅಕ್ಕ ಬರೆದುಕೊಂಡು, ಹೆಣ್ಣನ್ನು ಹಿಡಿದಳು. ಬಡಕಲು ರೆಕ್ಕೆಯಲ್ಲಿ ನರ ಸಿಗದೆ ಏಳು ನಿಮಿಷವಾಯಿತು. ಬಿಟ್ಟ ಕೂಡಲೇ ಅದು ಬಿಲದ ಕಡೆ ತಿರುಗಿಯೂ ನೋಡದೆ ಕಡಲಿಗೆ ಹಾರಿಹೋಯಿತು.

ಅದೇ ದಿನ ಮಧ್ಯಾಹ್ನ ದಡದಲ್ಲಿ ಸತ್ತ ಹಕ್ಕಿಯೊಂದು ಸಿಕ್ಕಿತು. ಗುರುತಿಗೆಂದು ನಾವೇ ಅದರ ಕಾಲಿಗೆ ತೊಡಿಸಿದ್ದ ಬಳೆಯ ಸಂಖ್ಯೆ ಓದುತ್ತಲೇ ಅಕ್ಕನ ಮುಖ ಬಿಳಿಚಿಕೊಂಡಿತು. ನಲವತ್ತರ ಗಂಡು, ಸತ್ತು ವಾರವಾಗಿತ್ತು. ಇಷ್ಟು ದಿನ ಎರಡು ಸಲವೂ ಬರುತ್ತಿದ್ದದ್ದು ಆ ಹೆಣ್ಣೊಂದೇ.

“ನಾನೇ ಓಡಿಸಿಬಿಟ್ಟೆ ಕಣೇ,” ಅಂದಳು.

ಮರಿಗೆ ನಾವೇ ಮೀನು ತಿನ್ನಿಸೋಣ ಎಂದು ಮೇಡಂ ಹತ್ತಿರ ಗೋಗರೆದೆವು. ತಾಯಿ ಬಾರದಿದ್ದರೆ ಅದು ಹೇಗೂ ಉಳಿಯುವುದಿಲ್ಲ, ಸುಮ್ಮನೆ ಒದ್ದಾಟ ಉದ್ದವಾಗುತ್ತದೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಅವರ ಮಾತು ಸುಳ್ಳಾಗಿರಲಿಲ್ಲ.

ಎರಡು ದಿನ ಕಡ್ಡಿ ಅಲುಗಲಿಲ್ಲ. ಅಕ್ಕನಿಗೆ ಊಟ ಸೇರಲಿಲ್ಲ. ಮನೆಯಲ್ಲಿ ಮಗಳು ಸುಮ್ಮನೆ ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದಳು. ಹೊರಗೆ ಹೋಗಬೇಕಾದರೆ ಎರಡೆರಡು ಸಲ ಹಿಂದಿರುಗಿ ಬಂದು ಅವಳ ಹಣೆ ಮುಟ್ಟಿ ನೋಡುತ್ತಿದ್ದಳು.

ಮೂರನೆಯ ಬೆಳಿಗ್ಗೆ ಕಡ್ಡಿಗಳು ಬಿದ್ದಿದ್ದವು. ಆದರೆ ಜೋರು ಗಾಳಿ ಬೀಸಿ ಸುತ್ತಲಿನ ಬಿಲಗಳವೂ ಬಿದ್ದಿದ್ದವು. ಕಿವಿಗೊಟ್ಟರೆ ಒಳಗೆ ಸದ್ದೇ ಇಲ್ಲ. ನೀನು ಕೈ ಹಾಕು ಎಂದು ಅಕ್ಕ ನನಗೆ ಹೇಳಿದಳು. ತಣ್ಣಗಾದ ಮರಿ ಕೈಗೆ ಸಿಕ್ಕರೆ ಎಂದು ನಾನು ಹಿಂದೆ ಸರಿದೆ. ಕೊನೆಗೆ ಅವಳೇ ಬೋರಲು ಮಲಗಿ, ಕಣ್ಣು ಮುಚ್ಚಿ, ಭುಜದವರೆಗೂ ಕೈ ತೂರಿಸಿದಳು.

ತಕ್ಷಣ ನೋವಿನಿಂದ ಹಲ್ಲು ಕಚ್ಚಿದಳು. ಒಳಗಿನಿಂದ ದೊಡ್ಡ ಹಕ್ಕಿಯ ಗುರುಗುಟ್ಟುವಿಕೆ, ಅದರ ಹಿಂದಿನಿಂದ ಕ್ಷೀಣವಾಗಿ ಮರಿಯ ಚೀಂಚೀಂ. ನಾನು ಅವಳ ತೋಳು ಹಿಡಿದು ಎಳೆಯಹೋದೆ. ಬೇಡ ಎಂದು ತಲೆಯಾಡಿಸಿದಳು; ಜಗ್ಗಿದರೆ ಹಕ್ಕಿ ಮತ್ತೆ ಹೆದರಿ ಹೋಗಿಬಿಡುತ್ತದೆ. ಅದು ತಾನಾಗಿ ಬಿಡುವವರೆಗೂ ಅಲುಗಾಡದೆ ಮಲಗಿಕೊಂಡಳು. ಕಣ್ಣೀರು ಮಣ್ಣಿಗೆ ಇಳಿಯುತ್ತಿತ್ತು.

“ಕಚ್ಚು ತಾಯಿ,” ಅಂದಳು ಪಿಸುದನಿಯಲ್ಲಿ. “ನಿಂಗೆ ಸಾಕು ಅನ್ನಿಸೋವರೆಗೂ ಕಚ್ಚು.”