ಸ್ಪ್ಯಾನರ್ ಅಕ್ಕ ಮತ್ತು ಮೂರು ಮೆಟ್ಟಿಲು

ಬೆಳಿಗ್ಗೆ ಆರು ಗಂಟೆ. ಶಾಲೆಯ ಹಿಂಬದಿಯ ವರ್ಕ್‌ಶಾಪಿನ ಬೀಗ ತೆಗೆದು ಅಟೆಂಡರ್ ದೀಪ ಹಾಕುತ್ತಾರೆ. ಆರು ಮೇಜು, ಇಪ್ಪತ್ತನಾಲ್ಕು ಮಕ್ಕಳು. ಮೇಜಿಗೊಂದರಂತೆ ತಟ್ಟೆಯಲ್ಲಿ ಸ್ಕ್ರೂಡ್ರೈವರ್, ಅಳತೆ ಟೇಪು, ತಂತಿ, ಪುಟ್ಟ ಮೋಟರು ಜೋಡಿಸುತ್ತಾರೆ. ಪ್ರತಿ ಮೋಟರನ್ನೂ ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾರೆ.

"ಇದು ಗೊರಗೊರ ಅಂತಿದೆ ನೋಡಿ. ಪಾಠದ ಮಧ್ಯೆ ಕೈ ಕೊಡುತ್ತೆ," ಎಂದು ಒಂದನ್ನು ಪಕ್ಕಕ್ಕಿಡುತ್ತಾರೆ.

ಐವತ್ತಮೂರರ ಈ ಅಟೆಂಡರ್ ಮಕ್ಕಳ ಬಾಯಲ್ಲಿ 'ಸ್ಪ್ಯಾನರ್ ಅಕ್ಕ'. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಅಪ್ಪ ಹಾಸಿಗೆ ಹಿಡಿದಾಗ ಮಗಳ ಓದು ಎಂಟನೆಯ ತರಗತಿಗೇ ನಿಂತಿತು. ಆಮೇಲೆ ಹನ್ನೆರಡು ವರ್ಷ ಮೋಟರಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿಯಲ್ಲಿ ಕೆಲಸ. ಆ ಅಂಗಡಿ ಮುಚ್ಚಿದ ಮೇಲೆ ಕಸ ಗುಡಿಸಲು ಇಲ್ಲಿಗೆ ಬಂದರು. ಒಮ್ಮೆ ಕೆಟ್ಟ ಫ್ಯಾನು ಬಿಚ್ಚಿ ಸರಿಮಾಡಿದ್ದೇ ನೆಪ, ವರ್ಕ್‌ಶಾಪಿನ ಬೀಗದ ಕೈ ಇವರ ಸೊಂಟ ಸೇರಿತು.

ಇದು ಚುರುಕುಬುದ್ಧಿಯ ಮಕ್ಕಳಿಗೆಂದೇ ಇರುವ ತರಗತಿ. ವಿಜ್ಞಾನ, ಗಣಿತ, ಕಂಪ್ಯೂಟರು, ಯಂತ್ರದ ಕೆಲಸ ಎಲ್ಲವನ್ನೂ ಬೆಸೆದು ಕಲಿಸಬೇಕೆಂಬುದು ನಿಯಮ. ಆದರೆ ಎರಡು ವರ್ಷದ ಹಿಂದಿನವರೆಗೂ ನಾಲ್ವರು ಶಿಕ್ಷಕರು ತಮ್ಮ ತಮ್ಮ ಪಾಠ ಮುಗಿಸಿ ಹೋಗುತ್ತಿದ್ದರು. ಹನ್ನೊಂದು ವರ್ಷದ ಒಬ್ಬ ಹುಡುಗಿಯಂತೂ ಹತ್ತೇ ನಿಮಿಷದಲ್ಲಿ ಲೆಕ್ಕ ಮುಗಿಸಿ ಮೇಜಿಗೆ ತಲೆಯಾನಿಸುತ್ತಿದ್ದಳು. ಅವಳನ್ನು ತರಗತಿಯಿಂದ ತೆಗೆಯುವ ಮಾತು ನಡೆದಿತ್ತು.

ಶಾಲೆಯ ಗ್ರಂಥಪಾಲಕಿ ಗಾಲಿಕುರ್ಚಿಯಲ್ಲಿ ಓಡಾಡುವವರು. ಗ್ರಂಥಾಲಯದ ಮೂರು ಮೆಟ್ಟಿಲ ಬಳಿ ದಿನವೂ ಇಬ್ಬರು ಅವರನ್ನು ಎತ್ತಿ ದಾಟಿಸಬೇಕಿತ್ತು. "ಟೀಚರ್, ಕಾಗದದ ಮೇಲೆ ಅಷ್ಟೆಲ್ಲ ಲೆಕ್ಕ ಮಾಡ್ತಾರಲ್ಲ ಈ ಮಕ್ಕಳು, ಆ ಮೆಟ್ಟಿಲಿಗೊಂದು ಇಳಿಜಾರು ಮಾಡಿಸಬಾರದಾ?" ಎಂದು ಅಕ್ಕ ಒಂದು ದಿನ ತರಗತಿಯಲ್ಲೇ ಗಣಿತದ ಶಿಕ್ಷಕಿಯನ್ನು ಕೇಳಿದರು.

ಹುಡುಗಿ ತಲೆಯೆತ್ತಿದಳು. ಮೂರೂ ಮೆಟ್ಟಿಲು ಸೇರಿ ಎತ್ತರ ನಲವತ್ತೈದು ಸೆಂಟಿಮೀಟರ್. ಕುರ್ಚಿ ಸಲೀಸಾಗಿ ಏರಲು ಇಳಿಜಾರಿಗೆ ಅದರ ಹನ್ನೆರಡು ಪಟ್ಟು ಉದ್ದ ಬೇಕು. ಅಷ್ಟು ಜಾಗವಿಲ್ಲ. ಹಾಗಾಗಿ ನಡುವೆ ತಿರುವು ಕೊಟ್ಟಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅದನ್ನು ಬರೆದು ಕುರ್ಚಿ ತಳ್ಳಿ ನೋಡಿದರೆ, ಕುರ್ಚಿ ತಿರುವಿನಲ್ಲಿ ಗೆರೆ ದಾಟಿತು. ಎಂದೂ ತಪ್ಪು ಮಾಡದವಳು ಲೆಕ್ಕದ ಹಾಳೆ ಹರಿದುಹಾಕಿ ಹೊರಟುಹೋದಳು. ಎರಡು ದಿನ ಶಾಲೆಗೇ ಬರಲಿಲ್ಲ.

ತಿರುವು ಸಾಲದೆಂದು ಅಕ್ಕನಿಗೆ ಮೊದಲೇ ಗೊತ್ತಿತ್ತು. "ಹೇಳಬೇಕಿತ್ತೇನೋ. ಆ ಎರಡು ದಿನ ಊಟ ಸೇರಲಿಲ್ಲ ನಂಗೆ," ಎನ್ನುತ್ತಾರೆ.

ಮೂರನೆಯ ದಿನ ಹುಡುಗಿ ಬಾಗಿಲಲ್ಲಿ ನಿಂತಳು. ಅಕ್ಕ ಸಮಾಧಾನ ಹೇಳಲು ಹೋಗಲಿಲ್ಲ. "ಬಾ, ನೀನೇ ಕುರ್ಚಿಲಿ ಕೂತು ತಿರುಗು. ಎಲ್ಲೆಲ್ಲಿ ಗೆರೆ ದಾಟುತ್ತೋ ಅಲ್ಲಿ ನಾನು ಗುರುತು ಹಾಕ್ತೀನಿ."

"ತುಂಬಾ ಕಡೆ ದಾಟಿದ್ರೆ?"

"ತುಂಬಾ ಗುರುತು ಹಾಕ್ತೀನಿ."

ಹದಿನೇಳು ಗುರುತು ಬಿದ್ದವು. ಸಂಜೆಯ ಹೊತ್ತಿಗೆ ಹುಡುಗಿ ಹೊಸ ಅಳತೆ ಬರೆದಿದ್ದಳು. ಮುಂದಿನ ವಾರ ವಿಜ್ಞಾನದ ಶಿಕ್ಷಕರು ಕುರ್ಚಿ ತಳ್ಳಲು ಬೇಕಾದ ಬಲವನ್ನು ಮಕ್ಕಳಿಂದ ಅಳೆಸಿದರು, ಕಂಪ್ಯೂಟರ್ ಶಿಕ್ಷಕಿ ನಕ್ಷೆ ಮಾಡಿಸಿದರು, ಯಂತ್ರದ ಶಿಕ್ಷಕರು ಮರದ ಮಾದರಿ ಕಟ್ಟಿಸಿದರು. ಗಾರೆಯವರು ಅದನ್ನು ನೋಡಿಕೊಂಡೇ ಕಾಂಕ್ರೀಟು ಹಾಕಿದರು. ಅಂದಿನಿಂದ ಇಲ್ಲಿ ಪಾಠ ನಡೆಯುವುದೇ ಹೀಗೆ. ಹುಡುಗಿ ತರಗತಿಯಲ್ಲೇ ಉಳಿದಿದ್ದಾಳೆ.

ಈ ಪಾಠಕ್ರಮಕ್ಕೆ ಬಂದ, ಗೋಡೆಯ ಮೇಲಿನ ಪ್ರಶಸ್ತಿ ಪತ್ರದಲ್ಲಿ ನಾಲ್ವರು ಶಿಕ್ಷಕರ ಹೆಸರಿದೆ, ಅಕ್ಕನದಿಲ್ಲ. ಕೇಳಿದರೆ ನಗುತ್ತಾರೆ.

"ಹೆಸರಿನ ಮಾತು ಬಿಡಿ. ಒಂದು ದಿನ ಬೆಂಚಿನ ಮೇಲೆ ಕೂತು ಲೆಕ್ಕದ ಟೀಚರ್ ಹೇಳೋ ತ್ರಿಕೋನದ ಪಾಠನ ಪೂರ್ತಿ ಕೇಳಬೇಕು. ಪ್ರತಿಸಲ ಅರ್ಧಕ್ಕೆ ಬರ್ತಿದ್ದ ಹಾಗೇ ಯಾರಾದ್ರೂ ಸ್ಕ್ರೂ ಕೇಳಿಬಿಡ್ತಾರೆ."