ರೊಟ್ಟಿ ಅಕ್ಕನ ಕೈ

ಹೋದ ತಿಂಗಳು ಸಿರುಗುಪ್ಪದ ಆಚೆ ಹೊಳೆದಂಡೆಯಲ್ಲಿ ನಡೆಯುತ್ತಿದ್ದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಕೊಳೆತ ಆಪುಹುಲ್ಲಿನ ಬೇರು, ಕಪ್ಪು ಕೆಸರು, ಹಸಿ ಮೀನು, ಬಿಸಿಲಿಗೆ ಕಾದ ಬಂಡೆ... ಎಲ್ಲ ಕಲಸಿದ ವಾಸನೆ. ಮೊಮ್ಮಗಳ ಕೈ ಹಿಡಿದುಕೊಂಡಿದ್ದೆ. ನನಗೇ ಗೊತ್ತಿಲ್ಲದೆ ಆ ಪುಟ್ಟ ಕೈಯನ್ನು ಎಷ್ಟು ಬಿಗಿಯಾಗಿ ಹಿಸುಕಿದೆನೆಂದರೆ ಮಗು "ಅಜ್ಜೀ, ಕೈ ನೋಯ್ತೈತಿ" ಎಂದು ಚೀರಿತು. ಬಿಟ್ಟೆ. ಮುಂದೆ ಹೋಗುತ್ತಿದ್ದ ಮಗಳು ತಿರುಗಿ ನನ್ನ ಮುಖ ನೋಡಿದಳು. ಅವಳಿಗೂ ಅದೇ ವಾಸನೆ ತಾಕಿತ್ತು.

ಆಗ ನೆನಪಾದವಳು ನಮ್ಮ ಓಣಿಯ ರೊಟ್ಟಿ ಅಕ್ಕ.

ಬಳ್ಳಾರಿಯಲ್ಲಿ ನಾವು ಕೌಲ್‌ಬಜಾರಿನ ಹಿಂದಿನ ಓಣಿಯಲ್ಲಿದ್ದೆವು. ನಮ್ಮ ಗೋಡೆಗೆ ಗೋಡೆ ಹಚ್ಚಿ ಅವಳ ಮನೆ. ಮುಂದಿನ ಕೋಣೆಯಲ್ಲೇ ಒಲೆ ಹೂಡಿಕೊಂಡು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ನಮಗೆ ಬೆಳಗಾಗುತ್ತಿದ್ದುದು ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೇ. ಅಗಲ ಭುಜ, ಎತ್ತರದ ಹೆಂಗಸು. ಬಾಯಿ ಜೋರು, ಕೈ ಇನ್ನೂ ಜೋರು. ಒಮ್ಮೆ ರೊಟ್ಟಿಗೆಂದು ನಿಂತಿದ್ದ ಕಾಲೇಜು ಹುಡುಗಿಯ ಸೊಂಟಕ್ಕೆ ಯಾವನೋ ಕೈ ಹಾಕಿದ. ಅಕ್ಕ ಹಂಚಿನ ಮೇಲೆ ಕಾಯುತ್ತಿದ್ದ ಸವಟನ್ನು ಎತ್ತಿ ಅವನ ಮುಂಗೈಗೆ ಒತ್ತಿಬಿಟ್ಟಳು. ಚರ್ಮ ಸುಟ್ಟ ವಾಸನೆ ನಮ್ಮ ಪಡಸಾಲೆಗೂ ಬಂತು. ಅವನು ಕೈ ಹಿಡಿದುಕೊಂಡು ಓಡಿದರೆ ಇವಳು ಹಿಂದಿನಿಂದ, "ಇನ್ನೊಂದು ಕೈ ಐತಲ್ಲಲೇ, ಅದನ್ನೂ ತಗೊಂಡ್ ಬಾ!" ಎಂದು ಕೂಗಿದಳು. ಓಣಿಯ ಗಂಡಸರು ಅವಳ ಬಾಗಿಲ ಮುಂದೆ ಬಂದರೆ ದನಿ ತಗ್ಗಿಸುತ್ತಿದ್ದರು.

ಅಂಥವಳನ್ನು ಅವಳ ಗಂಡ ಹೊಡೆಯುತ್ತಿದ್ದ.

ಅವನ ಊರು ಕುರುಗೋಡು. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆಗೆ ಬಣ್ಣ ಹಾಕಿ ತೊಳೆಯುವ ಘಟಕವೊಂದರಲ್ಲಿ ಕೆಲಸ. ಕುಡಿಯುತ್ತಿರಲಿಲ್ಲ, ಬೀಡಿ ಮುಟ್ಟುತ್ತಿರಲಿಲ್ಲ. ನನ್ನ ಅತ್ತೆ ಎದುರಾದರೆ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದ. ಸಂಜೆ ಬಂದು, ಮೈ ತೊಳೆದು, ವಿಭೂತಿ ಹಚ್ಚಿ, ಕದ ಹಾಕಿ, ಟಿವಿಯ ದನಿ ಏರಿಸುತ್ತಿದ್ದ. ಆಮೇಲೆ ಹೊಡೆಯುತ್ತಿದ್ದ. ಗಿರಾಕಿಯ ಜೊತೆ ನಕ್ಕಳೆಂದು ಒಂದು ದಿನ, ತನ್ನ ಜೊತೆ ನಗಲಿಲ್ಲವೆಂದು ಇನ್ನೊಂದು ದಿನ. ಎಷ್ಟು ತೊಳೆದರೂ ಹೋಗದ ನೀಲಿ ಬಣ್ಣ ಅವನ ಬೆರಳುಗಳಲ್ಲಿ ಇಳಿದುಬಿಟ್ಟಿತ್ತು. ಬೆಳಿಗ್ಗೆ ಅಕ್ಕನ ಕೆನ್ನೆ ನೋಡಿದರೆ ಬಣ್ಣದ ನೀಲಿ ಯಾವುದು, ಪೆಟ್ಟಿನ ನೀಲಿ ಯಾವುದು ಎಂದು ತಿಳಿಯುತ್ತಿರಲಿಲ್ಲ.

ನಾವು ಸುಮ್ಮನೆ ಕೂತವರಲ್ಲ. ಟಿವಿಯ ದನಿ ಏರಿತೆಂದರೆ ಅತ್ತೆ ಒನಕೆ ಹಿಡಿದು ಗೋಡೆ ಗುದ್ದುತ್ತಿದ್ದಳು. "ಏ ಭಾಡ್ಯಾ, ಗಂಡ್ಸಾದ್ರ ಹೊರಗ ಬಾರಲೇ!" ನನ್ನ ಗಂಡ ಒಂದು ಸಲ ಕದದ ಅಗುಳಿ ಮುರಿದು ಒಳಗೆ ನುಗ್ಗಿದ್ದರು. ಪೊಲೀಸರೂ ಬಂದಿದ್ದರು. ಅಕ್ಕ ಒಡೆದ ತುಟಿಗೆ ಸೆರಗು ಒತ್ತಿಕೊಂಡು, "ಬಚ್ಚಲದಾಗ ಜಾರಿ ಬಿದ್ದೀನ್ರಿ" ಎಂದು ಅವರನ್ನು ಕಳಿಸಿಬಿಟ್ಟಳು.

ಒಮ್ಮೆ ಅವಳ ಬೆನ್ನಿಗೆ ಅರಿಶಿನ-ಎಣ್ಣೆ ಹಚ್ಚುತ್ತ ಕೇಳಿದೆ. "ಅಕ್ಕಾ, ಓಣಿಯೆಲ್ಲಾ ನಿನಗ ಹೆದರ್ತೈತಿ. ಅವನಿಗೆ ಒಂದೇ ಒಂದು ಏಟು ತಿರುಗಿ ಕೊಡಾಕ ಆಗೋದಿಲ್ಲೇನು?"

ಅಕ್ಕ ತನ್ನ ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಂಡಳು.

"ಏಳಂಗಿಲ್ಲ ತಂಗೆವ್ವ. ಅವನ ಮುಂದ ಈ ಕೈ ಬ್ಯಾರೆ ಯಾರದೋ ಆಗಿಬಿಡ್ತಾವು."

ಆ ವರ್ಷ ಸಂಕ್ರಾಂತಿಗೆ ಓಣಿಯವರೆಲ್ಲ ಸೇರಿ ಒಂದು ಟೆಂಪೋ ಮಾಡಿಕೊಂಡು ಹೊಳೆಗೆ ಹೊರಟೆವು. ಸಂಕ್ರಾಂತಿಗೆ ಹೊಳೆದಂಡೆಯಲ್ಲಿ ಕೂತು ಬುತ್ತಿ ಉಣ್ಣುವುದು ನಮ್ಮ ಕಡೆ ಮೊದಲಿನಿಂದಲೂ ಇದೆ. ಸಿರುಗುಪ್ಪದ ಆಚೆ ತುಂಗಭದ್ರೆಯ ದಂಡೆಯ ಒಂದಿಷ್ಟು ಜಾಗವನ್ನು ಆಗಷ್ಟೇ ವನ್ಯಧಾಮ ಮಾಡಿದ್ದರು. ನೀರುನಾಯಿ, ಹಕ್ಕಿ, ಆಮೆ ನೋಡಲು ದಂಡೆಗುಂಟ ಕಾಲುದಾರಿ, ಬಿದಿರಿನ ಬೇಲಿ, ಮಕ್ಕಳಿಗೆ ಜೋಕಾಲಿ. ಕಡಲು ಕಾಣದ ನಮ್ಮ ಮಕ್ಕಳಿಗೆ ಆ ಅಗಲ ನೀರೇ ಕಡಲು. ಮರಳಲ್ಲಿ ಓಡಿದರು, ಕಪ್ಪೆಚಿಪ್ಪು ಆರಿಸಿದರು. ಕಾವಲುಗಾರ ಮೊದಲೇ ಹೇಳಿದ್ದ: "ಬೇಲಿ ದಾಟಬ್ಯಾಡ್ರಿ. ನೀರಾಗ ಮೊಸಳಿ ಅದಾವು. ಬಂಡಿಗಲ್ಲು ಅಂತ ತಿಳ್ಕೊಂಡ್ರ ಕಲ್ಲಲ್ಲ ಅವು."

ಅಕ್ಕ ಎಲ್ಲರಿಗೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ ತಂದಿದ್ದಳು. ಅಷ್ಟು ಹಗುರಾಗಿ ನಾನು ಅವಳನ್ನು ಎಂದೂ ನೋಡಿರಲಿಲ್ಲ. ಆಚೆ ಬಂಡೆಯ ಮೇಲೆ ಎರಡು ನೀರುನಾಯಿಗಳು ಒಂದೇ ಮೀನಿಗೆ ಕಿತ್ತಾಡುತ್ತಿದ್ದವು. ಸೋತದ್ದು ಜಾರಿ ನೀರಿಗೆ ಬಿದ್ದಾಗ ಅಕ್ಕ ಗೊಳ್ಳೆಂದು ನಕ್ಕಳು. ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅವಳ ಪಕ್ಕದಲ್ಲಿ ಕೂತಿದ್ದ ಗಂಡ ತಟ್ಟೆಯಿಂದ ತಲೆ ಎತ್ತದೆ, ಎಡಗೈಯನ್ನು ಅವಳ ಸೆರಗಿನ ಕೆಳಗೆ ತೂರಿಸಿ ಸೊಂಟದ ಚರ್ಮ ಹಿಡಿದು ತಿರುವಿದ. ನಗು ಅಲ್ಲೇ ಕತ್ತರಿಸಿಹೋಯಿತು. ಅವಳ ತುಟಿಯಲ್ಲಿ ಬಣ್ಣ ಉಳಿಯಲಿಲ್ಲ. ಎದುರಿಗೆ ಕೂತಿದ್ದ ನಾನು, ನನ್ನ ಮಗಳು, ಇಬ್ಬರೂ ನೋಡಿದೆವು.

ಉಂಡಾದ ಮೇಲೆ ಅವನು ಕೈ ತೊಳೆಯಲು ಎದ್ದ. ಕೊಡದಲ್ಲಿ ನೀರಿತ್ತು. ಆದರೂ ಬೇಲಿಯ ಸಂದಿಯಲ್ಲಿ ದಾಟಿ ನೀರಿಗೆ ಇಳಿದ. ಕಾವಲುಗಾರ ದೂರದಿಂದ ಸೀಟಿ ಊದಿದ. ಇವನು ತಿರುಗದೆ, "ಏನಾಗಂಗಿಲ್ಲ ತಗೋ" ಎಂಬಂತೆ ಕೈ ಬೀಸಿದ. ಮೊಣಕಾಲುದ್ದ ನೀರು. ಬಗ್ಗಿದ.

ನೀರು ಒಡೆಯಿತು. ಅಷ್ಟೇ ನನಗೆ ಕಂಡದ್ದು. ಮರುಗಳಿಗೆಗೆ ಅವನು ದಂಡೆಯ ಕಡೆ ಬೋರಲು ಬಿದ್ದಿದ್ದ, ಮೀನಖಂಡ ಮೊಸಳೆಯ ಬಾಯಲ್ಲಿತ್ತು, ಅಂಚಿನ ಮರಳಲ್ಲಿ ಅವನ ಉಗುರುಗಳು ಗೀರು ಎಳೆಯುತ್ತ ಹಿಂದಕ್ಕೆ ಹೋಗುತ್ತಿದ್ದವು. ಅವನು ಕೂಗಲೂ ಇಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಹೆಂಗಸರು ಚೀರಿದರು, ಮಕ್ಕಳನ್ನು ಎಳೆದುಕೊಂಡರು. ನನ್ನ ಗಂಡ ಕಲ್ಲು ಹುಡುಕುತ್ತಿದ್ದರು.

ಅಕ್ಕ ಬೇಲಿಯ ಮೇಲೆ ಬಿದ್ದು, ಬಿದಿರು ಮುರಿದುಕೊಂಡು ಹೋದಳು. ಹೋಗುವಾಗಲೇ ಎರಡೂ ಕೈಗೆ ತುಂಬುವಂಥ ಗುಂಡುಕಲ್ಲು ಎತ್ತಿಕೊಂಡಿದ್ದಳು. ಸೊಂಟದುದ್ದ ನೀರಲ್ಲಿ ಮೊಸಳೆಯ ಮೇಲೆ ಅಡ್ಡ ಬಿದ್ದು ತಲೆಯ ಮೇಲೆ ಬಡಿದಳು. ಅದು ಬಾಲ ಬೀಸಿದ ಏಟಿಗೆ ಕೆಳಗೆ ಬಿದ್ದಳು, ಮತ್ತೆ ಎದ್ದಳು, ಮತ್ತೆ ಬಡಿದಳು. ಕಲ್ಲು ಕೈಜಾರಿತು. ಹೆಬ್ಬೆರಳನ್ನು ಅದರ ಕಣ್ಣಿಗೆ ತೂರಿಸಿದಳು. ಅದು ಗಂಡನ ಕಾಲು ಬಿಟ್ಟು ಅವಳ ಬಲಗೈ ಕಚ್ಚಿತು. ಅವಳು ಕೈ ಎಳೆದುಕೊಳ್ಳಲಿಲ್ಲ. ಇನ್ನೂ ಒಳಕ್ಕೆ, ಗಂಟಲಿಗೆ ನೂಕಿದಳು. ನೀರು ಕೆಂಪಾಗಿ, ಕಂದಾಗಿ ಕುದಿಯುತ್ತಿತ್ತು.

ಅವಳು ಕೂಗುತ್ತಿದ್ದ ಮಾತುಗಳು ಇಂದಿಗೂ ನನ್ನ ಕಿವಿಯಲ್ಲಿವೆ.

"ಬಡೀತಿಯೇನಲೇ? ಬಡಿ! ನಕ್ಕರ ಬಡೀತಿಯೇನು? ಅತ್ರ ಬಡೀತಿಯೇನು? ನೋಡೇ ಬಿಡ್ತೀನಿ ಇವತ್ತು, ಬಡಿಯಲೇ!"

ಉಳಿದವರು ಅದನ್ನು ಹುಚ್ಚು ಆವೇಶ ಎಂದುಕೊಂಡಿರಬೇಕು. ಬೋರಲು ಬಿದ್ದು, ಮೊಣಕೈ ಊರಿ ದಂಡೆಗೆ ತೆವಳುತ್ತಿದ್ದ ಅವನಿಗೆ ಮಾತ್ರ ಅರ್ಥವಾಯಿತು. ಅವನ ಮುಖವನ್ನು ನಾನು ನೋಡಿದೆ. ಮೊಸಳೆ ಬಿಟ್ಟ ಮೇಲೆ ಅವನು ಹೆಚ್ಚು ಹೆದರಿದ್ದ.

ಕೊನೆಗೆ ಮೊಸಳೆಯೇ ಬಾಯಿ ತೆರೆದು ಹಿಂದೆ ಸರಿಯಿತು. ಕಾವಲುಗಾರ, ನನ್ನ ಗಂಡ, ಇನ್ನಿಬ್ಬರು ಓಡಿ ಇಬ್ಬರನ್ನೂ ಎಳೆದು ತಂದರು. ಅಕ್ಕ ಮರಳಲ್ಲಿ ಕೂತು ತನ್ನ ಬಲಗೈ ನೋಡುತ್ತಿದ್ದಳು. ಎರಡು ಬೆರಳು ಇರಲಿಲ್ಲ. ಮುಂಗೈ ಹರಿದು ಬಿಳಿಯ ನರ ಕಾಣುತ್ತಿತ್ತು. ಅತ್ತೆ ತನ್ನ ಸೀರೆಯ ಸೆರಗನ್ನೇ ಹರಿದು ಕಟ್ಟಿದಳು. ಟೆಂಪೋದಲ್ಲಿ ಸಿರುಗುಪ್ಪದ ಆಸ್ಪತ್ರೆಗೆ, ಅಲ್ಲಿಂದ ಬಳ್ಳಾರಿಗೆ. ದಾರಿಯುದ್ದಕ್ಕೂ ಗಂಡ ನರಳಿದ. ಅವಳ ಬಾಯಿಂದ ಒಂದು ಸದ್ದೂ ಬರಲಿಲ್ಲ.

ಅವನ ಕಾಲು ಉಳಿಯಿತು, ಕುಂಟು ಉಳಿಯಿತು. ಅವಳ ಬಲಗೈ ಮಡಚಿಕೊಂಡ ಹಾಗೆಯೇ ನಿಂತುಬಿಟ್ಟಿತು. ಪತ್ರಿಕೆಯವರು ಬಂದು ಇಬ್ಬರನ್ನೂ ಕೂರಿಸಿ ಫೋಟೋ ತೆಗೆದರು. ಮಾತೆಲ್ಲ ಅವನೇ ಆಡಿದ. ಅವಳು ಎಡಗೈಯಲ್ಲಿ ರೊಟ್ಟಿ ಬಡಿಯಲು ಕಲಿಯುತ್ತಿದ್ದಳು. ಮೊದಮೊದಲು ರೊಟ್ಟಿ ಸೊಟ್ಟ, ಅಂಚು ಒಡಕು. ಸಿಟ್ಟಿಗೆ ಹಿಟ್ಟನ್ನು ಗೋಡೆಗೆ ಎಸೆಯುತ್ತಿದ್ದಳು, ಬೈಯುತ್ತಿದ್ದಳು, ಮತ್ತೆ ನಾದುತ್ತಿದ್ದಳು. ಗಿರಾಕಿಗಳು ಸೊಟ್ಟ ರೊಟ್ಟಿಯನ್ನೇ ಕೊಂಡರು. ಗಂಡ ಕೋಲೂರಿಕೊಂಡು ಒಳಗೇ ಇರುತ್ತಿದ್ದ. ಟಿವಿಯ ದನಿ ಏರುತ್ತಿರಲಿಲ್ಲ. ಬದಲಾಗಿದ್ದಾನೆ ಎಂದು ಎಲ್ಲರೂ ಅಂದುಕೊಂಡೆವು.

ಬೇಸಿಗೆಯ ಒಂದು ಸಂಜೆ ದನಿ ಏರಿತು.

ಓಣಿಯ ಕದಗಳೆಲ್ಲ ಒಂದೊಂದಾಗಿ ತೆರೆದವು. ಅತ್ತೆ ಒನಕೆ ಹಿಡಿದು ಹೊರಗೆ ಬಂದಳು. ಒಳಗೆ ಏನೋ ಬಿತ್ತು, ಪಾತ್ರೆ ಉರುಳಿತು. ಅವನು ಕೂಗಿದ. ಅವಳಲ್ಲ, ಅವನು. ಟಿವಿ ಪಕ್ಕನೆ ಆರಿತು. ಕದ ತೆರೆಯಿತು. ಅಕ್ಕ ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿದು ಆಡಿನ ಮರಿಯನ್ನು ಎಳೆದು ತಂದಂತೆ ಹೊಸ್ತಿಲಿಗೆ ತಂದು ನಿಲ್ಲಿಸಿದ್ದಳು. ಅವಳ ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನ ಕೋಲು ಎರಡು ತುಂಡಾಗಿ ಒಳಗೆ ಬಿದ್ದಿತ್ತು. ಅವನ ನೀಲಿ ಬೆರಳುಗಳು ಅವಳ ಹಿಡಿತದಲ್ಲಿ ಬಿಳಿಚಿಕೊಂಡಿದ್ದವು.

"ಕೇಳ್ರಿ ಎಲ್ಲಾರೂ," ಎಂದಳು. ದನಿ ಏರಿಸಲಿಲ್ಲ. "ಇವನ್ನ ಮೊಸಳಿ ಬಾಯಾಗಿಂದ ತಗದಾಕಿ ನಾನು. ತಿರುಗಿ ಅಲ್ಲೇ ಒಯ್ದು ಇಡಾಕೂ ನನಗ ದಾರಿ ಗೊತ್ತೈತಿ."

ಕೈ ಬಿಟ್ಟಳು. ಅವನು ಕುಸಿದು ಕೂತ. ಯಾರೂ ಎತ್ತಲು ಹೋಗಲಿಲ್ಲ.

ಅಂದು ಅವಳು ನಮ್ಮ ಪಡಸಾಲೆಯಲ್ಲಿ ಮಲಗಿದಳು. ಮರುದಿನ ಹಂಚು, ಹಿಟ್ಟು ನಾದುವ ಪರಾತ, ನಾಲ್ಕು ಸೀರೆ ಗಂಟು ಕಟ್ಟಿಕೊಂಡು ತವರೂರು ತೆಕ್ಕಲಕೋಟೆಗೆ ಬಸ್ಸು ಹತ್ತಿದಳು. ಅಲ್ಲೇ ಬಸ್ ನಿಲ್ದಾಣದ ಎದುರು ಮತ್ತೆ ಒಲೆ ಹೂಡಿದಳು. ಗಂಡ ಕುರುಗೋಡಿಗೆ ಹೋದನಂತೆ. ಅಣ್ಣತಮ್ಮಂದಿರ ಮನೆಯಲ್ಲಿ ಇದ್ದಾನೆಂದು ಕೇಳಿದ್ದೇವೆ, ಅಷ್ಟೇ.

ಆ ಕಡೆ ಹೋದಾಗಲೆಲ್ಲ ನಾನು ಅವಳ ಅಂಗಡಿಯಲ್ಲಿ ಇಳಿಯುತ್ತಿದ್ದೆ. ಮೈ ತುಂಬಿಕೊಂಡಿತ್ತು, ಬಾಯಿ ಮೊದಲಿನಂತೆಯೇ. ಬಸ್ಸಿನ ಕಂಡಕ್ಟರುಗಳನ್ನೂ ಬೈದು ಕೂರಿಸುತ್ತಿದ್ದಳು. ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ನನಗೆ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ ಕೊಟ್ಟು ಎದುರಿಗೆ ಕೂತಳು. ಬಹಳ ದಿನದಿಂದ ಗಂಟಲಲ್ಲಿದ್ದುದನ್ನು ಕೇಳಿಯೇಬಿಟ್ಟೆ.

"ಅಕ್ಕಾ, ಅವತ್ತು ಅವನ್ನ ಯಾಕ ಉಳಿಸಿದಿ?"

ಸೊಟ್ಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಸವರಿದಳು.

"ಅವನ್ನ ಉಳಿಸಾಕ ಹೋದ್ನೋ, ಯಾರನ್ನಾರ ಬಡೀಬೇಕಂತ ಹೋದ್ನೋ... ಇವತ್ತಿಗೂ ಗೊತ್ತಿಲ್ಲ ತಂಗೆವ್ವ." ಭುಜ ಕುಲುಕಿಸಿ ನಕ್ಕಳು. "ಪಾಪ ಮೊಸಳಿ! ಯಾರಿಗೋ ಬೀಳೋ ಏಟು ತಿಂತು."

ಅದೇ ನಾನು ಕೇಳಿದ ಅವಳ ಕೊನೆಯ ನಗು. ಮುಂದಿನ ಮಳೆಗಾಲದಲ್ಲಿ ಜ್ವರ ಬಂತಂತೆ. ಮಾತ್ರೆ ನುಂಗಿ ಒಲೆಯ ಮುಂದೆಯೇ ಕೂತಳಂತೆ. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ನಾನು, ಅತ್ತೆ ಹೋದಾಗ ಅಂಗಡಿಯ ಜಾಗದಲ್ಲಿ ಬೂದಿ ಕೂಡ ಗುಡಿಸಿಬಿಟ್ಟಿದ್ದರು. ಅತ್ತೆ ಆ ಬರಿ ನೆಲದ ಮೇಲೆ ಕೂತು ಅತ್ತಿದ್ದು... ಅತ್ತೆಯೂ ಈಗಿಲ್ಲ.

ಹೋದ ತಿಂಗಳು ಆ ವನ್ಯಧಾಮಕ್ಕೆ ಹೋಗೋಣವೆಂದವನು ಅಳಿಯ. ಅವನಿಗೆ ಇದೇನೂ ತಿಳಿಯದು. ಈಗ ಬೇಲಿ ಕಬ್ಬಿಣದ್ದು. ದಾರಿ ತೋರಿಸಲು ಒಬ್ಬ ನಡುವಯಸ್ಸಿನ ಮನುಷ್ಯನಿದ್ದಾನೆ. ಬಂದ ಸಂಸಾರಗಳನ್ನೆಲ್ಲ ಒಟ್ಟು ಮಾಡಿ ಹಕ್ಕಿ ತೋರಿಸುತ್ತ, ಮಕ್ಕಳನ್ನು ನಗಿಸುತ್ತ ಕರೆದುಕೊಂಡು ಹೋಗುತ್ತಿದ್ದ. ದಂಡೆಯ ತಿರುವಿನಲ್ಲಿ ನಿಂತು ನೀರಿನತ್ತ ಕೈ ಮಾಡಿದ.

"ಇಲ್ಲೇ ನೋಡ್ರಿ. ಹಿಂದ ಬಳ್ಳಾರಿ ಕಡಿ ಒಬ್ಬ ಗಂಡ್ಸು ಮೊಸಳಿ ಜೊತಿ ಕುಸ್ತಿ ಹಿಡ್ದು, ತನ್ನ ಹೆಂಡ್ತಿ ಜೀವ ಉಳಿಸ್ಕೊಂಡಾನ. ಅವನ ಕಾಲು ಈಗಲೂ ಕುಂಟಂತ್ರಿ."

ಮಕ್ಕಳು ಬಾಯಿ ಕಳೆದು ಕೇಳುತ್ತಿದ್ದರು. ನನ್ನ ಮೈ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಮಗಳು ಮುಂದೆ ಬಂದಳು. ಮೆಲ್ಲಗೆ ಮಾತಾಡುವ ನನ್ನ ಮಗಳು, ಆಚೆ ದಂಡೆಗೂ ಕೇಳುವಂತೆ ಹೇಳಿದಳು:

"ಸುಳ್ಳು. ಹಿಡ್ದಾಕಿ ಹೆಂಡ್ತಿ. ನಾನು ಇಲ್ಲೇ ನಿಂತು ನೋಡೀನಿ."

ಅವನು ಗಲಿಬಿಲಿಗೊಂಡು ನನ್ನತ್ತ ತಿರುಗಿದ. "ಹೌದೇನ್ರಿ ಅಮ್ಮ?"

"ಹೌದಪ್ಪ. ಆಕಿ ನಮ್ಮ ಮಗ್ಗುಲ ಮನ್ಯಾಕಿ. ಬಲಗೈ ಕೊಟ್ಲು ಇಲ್ಲಿ."

"ನನಗ ಯಾರೋ ಹಂಗ ಹೇಳಿದ್ರು ನೋಡ್ರಿ... ಇನ್ನ ಮ್ಯಾಲೆ ಸರಿಯಾಗಿ ಹೇಳ್ತೀನಿ. ಆಕೀ ಹೆಸರೇನ್ರಿ?"

ಹೇಳಿದೆ. ಓಣಿಯಲ್ಲಿ ಯಾರೂ ಆ ಹೆಸರಿನಿಂದ ಅವಳನ್ನು ಕರೆದವರಲ್ಲ. ಹೇಳುವಾಗ ನನಗೇ ಹೊಸದಾಗಿ ಕೇಳಿಸಿತು. ಮರೆಯಬಾರದೆಂದು ಅವನು ಒಮ್ಮೆ ಗಟ್ಟಿಯಾಗಿ ಹೇಳಿಕೊಂಡ. ಮಕ್ಕಳಿಗೆ ಅದೊಂದು ಆಟವಾಯಿತು. ಬೇಲಿಗೆ ಎದೆ ಒತ್ತಿ ನಿಂತು, ನನ್ನ ಮೊಮ್ಮಗಳೂ ಸೇರಿ, ಎಲ್ಲರೂ ನೀರಿನ ಕಡೆ ಮುಖ ಮಾಡಿ ಆ ಹೆಸರು ಕೂಗಿದರು. ಒಂದು ಸಲ, ಮತ್ತೊಂದು ಸಲ.

ಓ ಅನ್ನಲು ಅವಳಿರಲಿಲ್ಲ.